ನಮ್ಮ ಗೋಡೆ, ಅವರ ಹತ್ತು ನಿಮಿಷ



ಬೆಳಿಗ್ಗೆ ಕಾಲೇಜಿಗೋ ಆಫೀಸಿಗೋ ಹೊರಟಾಗ ಬಸ್ಸು ಹಿಡಿಯುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬಸ್ಸು ಹೊರಡುವ ಕೊನೆಯ ನಿಲ್ದಾಣದಲ್ಲಿ ಒಂದು ಚಿಕ್ಕ ಚೌಕಿ ಇರುತ್ತದೆ. ಅದರೊಳಗೆ ಒಬ್ಬ ಸ್ಟಾರ್ಟರ್, ಒಂದು ಮೇಜು, ಒಂದು ರಿಜಿಸ್ಟರು. ಡ್ರೈವರ್ ಮತ್ತು ಕಂಡಕ್ಟರ್ ಅಲ್ಲಿ ಇಳಿದು, ಸಮಯ ಬರೆಸಿ, ಅರ್ಧ ಲೋಟ ಚಹಾ ಕುಡಿದು, ಹತ್ತು ನಿಮಿಷದಲ್ಲಿ ಮತ್ತೆ ಬಸ್ಸು ಹತ್ತುತ್ತಾರೆ. ಆ ಹತ್ತು ನಿಮಿಷದಲ್ಲಿ ಅವರು ಮೂತ್ರ ವಿಸರ್ಜನೆಗೆ ಎಲ್ಲಿಗೆ ಹೋಗುತ್ತಾರೆ ಎಂದು ನೀವು ಎಂದಾದರೂ ಯೋಚಿಸಿದ್ದುಂಟೇ?

ನಾನು ಯೋಚಿಸಿರಲಿಲ್ಲ. ಯೋಚಿಸುವಂತೆ ಆದದ್ದು ಹೇಗೆಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದೆ. ನಮ್ಮ ಗೇಟಿನ ಪಕ್ಕದಲ್ಲೇ ಬಸ್ಸಿನ ಕೊನೆಯ ನಿಲ್ದಾಣ. ನಮ್ಮ ಕಟ್ಟಡ ಏಳುವ ಮೊದಲೇ ಅದು ಅಲ್ಲಿತ್ತು. ಆದರೂ ಪ್ರತಿ ಸಭೆಯಲ್ಲಿ ಅದರ ಮೇಲೆ ದೂರು. ಕಂಪೌಂಡ್ ಗೋಡೆಯಿಂದ ದುರ್ವಾಸನೆ, ಬೆಳಗಿನ ಜಾವ ಇಂಜಿನ್ನಿನ ಗದ್ದಲ, ಗೇಟಿಗೆ ಅಡ್ಡ ನಿಲ್ಲುವ ಬಸ್ಸು. ಗೋಡೆಗೆ ಎಲ್ಲ ಧರ್ಮದ ದೇವರ ಟೈಲ್ಸ್ ಅಂಟಿಸಿದ್ದಾಯಿತು. ದೇವರಿಂದಲೂ ಆಗಲಿಲ್ಲ. ಕೊನೆಗೆ ಒಬ್ಬ ಸದಸ್ಯರು, "ಫ್ಲ್ಯಾಟ್ ನೋಡಲು ಬಂದವರು ಗೇಟಿನಿಂದಲೇ ಹಿಂದೆ ಹೋಗುತ್ತಿದ್ದಾರೆ" ಎಂದರು. ಅಂದೇ ನಿರ್ಧಾರವಾಯಿತು. ನಮ್ಮ ಕಟ್ಟಡದ ಒಬ್ಬ ಹುಡುಗ, ನಿಮ್ಮಂತೆಯೇ ಇಲ್ಲಿ ಹುಟ್ಟಿ ಬೆಳೆದು ಇಂಗ್ಲಿಷ್ ಮರಾಠಿ ಎರಡನ್ನೂ ಚೆನ್ನಾಗಿ ಬಲ್ಲವನು, ಸೊಗಸಾದ ಒಂದು ಅರ್ಜಿ ಬರೆದ. ನಾನು ಸಹಿ ಹಾಕಿದೆ. ಮನೆಮನೆಯವರೂ ಸಹಿ ಹಾಕಿದರು. ವಾರ್ಡ್ ಕಚೇರಿಗೆ ಒಂದು ಪ್ರತಿ, ನಗರಸೇವಕರಿಗೆ ಒಂದು, ಬಸ್ ಸಂಸ್ಥೆಗೆ ಒಂದು. ಕೆಲವೇ ತಿಂಗಳಲ್ಲಿ ನಿಲ್ದಾಣ ಎದ್ದುಹೋಯಿತು. ಮುಂದಿನ ಸೇತುವೆಯ ಬುಡದಲ್ಲಿ ಹೊಸ ಚೌಕಿ ಬಂತು. ನಾವು ಸಭೆ ಕರೆದು ಪೇಡಾ ಹಂಚಿದೆವು.

ಒಂದು ದಿನ ಆ ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಮೇ ತಿಂಗಳ ಮಧ್ಯಾಹ್ನ. ಮರವಿಲ್ಲ, ನಲ್ಲಿಯಿಲ್ಲ, ಹತ್ತಿರದಲ್ಲಿ ಹೋಟೆಲೂ ಇಲ್ಲ. ಹಳೆಯ ಸ್ಟಾರ್ಟರ್ ನನ್ನ ಗುರುತು ಹಿಡಿದು ನಕ್ಕು, "ತುಮ್ಚೀ ಭಿಂತ ಸ್ವಚ್ಛ ಝಾಲೀ ನಾ, ಸಾಹೇಬ್?" ಎಂದು ಕೇಳಿದರು. ನಿಮ್ಮ ಗೋಡೆ ಸ್ವಚ್ಛವಾಯಿತಲ್ಲ ಎಂದು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದ ಮಹಿಳಾ ಕಂಡಕ್ಟರ್ ಮೊದಲು ನಮ್ಮ ವಾಚ್‌ಮನ್‌ನನ್ನು ಕೇಳಿಕೊಂಡು ಅವನ ಶೌಚಾಲಯಕ್ಕೆ ಹೋಗುತ್ತಿದ್ದರಂತೆ. ಈಗ ಡ್ಯೂಟಿಯ ದಿನ ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ ಎಂದರು.

ನನ್ನ ಬಸ್ಸು ಬಂತು, ಹತ್ತಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಅರ್ಜಿಯಲ್ಲಿ ಬರೆದದ್ದೆಲ್ಲ ನಿಜವೇ ಆಗಿತ್ತು. ಆದರೂ ನಾವು ಕೇಳಿದ್ದು ತಪ್ಪಾಗಿತ್ತು. ಹೀಗೇಕಾಯಿತು? ನಗರಾಡಳಿತ ಇಂಥ ವಿಷಯಗಳನ್ನು ಹೇಗೆ ನಡೆಸುತ್ತದೆ ಎಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ. ನಾಳೆ ಸೊಸೈಟಿಯ ಅರ್ಜಿ ಬರೆಯುವವರು ನೀವೇ ಆದ್ದರಿಂದ ಇದು ನಿಮಗೆ ತಿಳಿದಿರಬೇಕು.

ಬಸ್ಸು ಯಾರದು?

ಮುಂಬಯಿಯ ಬಸ್ಸಿಗೆ ಒಂದು ವಿಶೇಷವಿದೆ. ಬೆಂಗಳೂರಿನ ಬಿ.ಎಂ.ಟಿ.ಸಿ., ಚೆನ್ನೈಯ ಎಂ.ಟಿ.ಸಿ. ರಾಜ್ಯ ಸರಕಾರದ ಸಂಸ್ಥೆಗಳು. ದೆಹಲಿಯ ಡಿ.ಟಿ.ಸಿ. ಅಲ್ಲಿನ ಸರಕಾರದ್ದು. ಆ ಊರುಗಳಲ್ಲಿ ಕಸ, ಚರಂಡಿ, ಶೌಚಾಲಯ ನೋಡುವ ಪಾಲಿಕೆ ಬೇರೆ, ಬಸ್ಸು ಓಡಿಸುವ ಒಡೆಯರು ಬೇರೆ. ಮುಂಬಯಿಯಲ್ಲಿ ಹಾಗಲ್ಲ. 1905ರಲ್ಲಿ ಹುಟ್ಟಿದ ಬೆಸ್ಟ್ ಖಾಸಗಿ ಕಂಪನಿಯಾಗಿತ್ತು. ಈ ನಗರದ ರಸ್ತೆಯಲ್ಲಿ ಮೊದಲ ಮೋಟಾರು ಬಸ್ಸು ಓಡಿಸಿದ್ದು 1926ರ ಜುಲೈ 15ರಂದು. 1947ರ ಆಗಸ್ಟ್ 7ರಂದು, ಸ್ವಾತಂತ್ರ್ಯಕ್ಕೆ ಒಂದು ವಾರ ಮೊದಲು, ಮಹಾನಗರಪಾಲಿಕೆ ಅದನ್ನು ವಹಿಸಿಕೊಂಡಿತು. ಅಂದಿನಿಂದ ಬೆಸ್ಟ್ ಪಾಲಿಕೆಯದೇ ಅಂಗ. ಪುಣೆಯಲ್ಲಿಯೂ ಎರಡು ಪಾಲಿಕೆಗಳ ಬಸ್ ಸೇವೆಗಳು 2007ರಲ್ಲಿ ಸೇರಿ ಪಿ.ಎಂ.ಪಿ.ಎಂ.ಎಲ್. ಆಯಿತು.

ಇದರ ಅರ್ಥವೇನು? ನಿಮ್ಮ ಗೋಡೆಯ ದೂರು ಕೇಳಬೇಕಾದ ಮಹಾನಗರಪಾಲಿಕೆಯೇ ಡ್ರೈವರ್‌ನ ಹತ್ತು ನಿಮಿಷದ ಯೋಗಕ್ಷೇಮಕ್ಕೂ ಹೊಣೆ. 1888ರ ಮುಂಬಯಿ ಮಹಾನಗರಪಾಲಿಕೆ ಕಾನೂನಿನಲ್ಲಿ ವಾರ್ಡ್ ಸಮಿತಿಯೂ ಇದೆ, ಬೆಸ್ಟ್ ಸಮಿತಿಯೂ ಇದೆ. ಎರಡರಲ್ಲಿಯೂ ನಗರಸೇವಕರು ಕೂರುತ್ತಾರೆ. ಒಂದೇ ಮನೆಯ ಇಬ್ಬರು ಮಕ್ಕಳ ಜಗಳವನ್ನು ಒಬ್ಬಳೇ ತಾಯಿ ಬಗೆಹರಿಸಿದಂತೆ ಇಲ್ಲಿ ನ್ಯಾಯ ಸುಲಭವಾಗಬೇಕಿತ್ತು. ಆಗುವುದಿಲ್ಲ ಏಕೆ?

ದೂರಿಗೆ ವಿಳಾಸ ಬೇಕು

ಮೊದಲನೆಯ ಕಾರಣ ಬಹಳ ಸರಳ. ನಿಮ್ಮ ದೂರಿಗೆ ವಿಳಾಸವಿದೆ. ಸೊಸೈಟಿಯ ಹೆಸರಿನ ಲೆಟರ್‌ಹೆಡ್ ಇದೆ, ಆಸ್ತಿ ತೆರಿಗೆಯ ಬಿಲ್ಲು ಇದೆ. ಮುಂಬಯಿಯಲ್ಲಿ ಆ ತೆರಿಗೆಯನ್ನು 2010ರಿಂದ ಆಸ್ತಿಯ ಬಂಡವಾಳ ಮೌಲ್ಯದ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಮನೆಯ ಬೆಲೆಯ ಮೇಲೆ ತೆರಿಗೆ ತೆಗೆದುಕೊಳ್ಳುವವರು ಮನೆಯ ಬೆಲೆ ಇಳಿಯುತ್ತಿದೆ ಎಂಬ ಕೂಗನ್ನು ಕೇಳದೆ ಇರಲಾಗುವುದಿಲ್ಲ. ಜೊತೆಗೆ ನಿಮ್ಮ ಮತ ಅದೇ ವಾರ್ಡಿನಲ್ಲಿದೆ. 1916 ಎಂಬ ಪಾಲಿಕೆಯ ಸಹಾಯವಾಣಿಗೆ ಫೋನ್ ಮಾಡಿದರೆ ದೂರಿಗೆ ಒಂದು ಸಂಖ್ಯೆ ಸಿಗುತ್ತದೆ. ಅದು ವಾರ್ಡ್ ಕಚೇರಿಗೆ ಹೋಗುತ್ತದೆ.

ಡ್ರೈವರ್‌ಗೆ ಇವೊಂದೂ ಇಲ್ಲ. ಅವನು ನಿಮ್ಮ ರಸ್ತೆಯಲ್ಲಿ ಇರುವುದು ದಿನಕ್ಕೆ ಕೆಲವು ಬಾರಿ, ಪ್ರತಿ ಬಾರಿ ಹತ್ತು ನಿಮಿಷ. ಅವನ ಮನೆ, ಅವನ ಮತ ಬೇರೆಲ್ಲೋ. ಅವನು ದೂರು ಹೇಳಬೇಕಾದರೆ ಡಿಪೋ ಮೂಲಕ ಹೇಳಬೇಕು, ಇಲ್ಲವೇ ಯೂನಿಯನ್ ಮೂಲಕ. ಡಿಪೋದಲ್ಲಿ ಶೌಚಾಲಯ, ಕ್ಯಾಂಟೀನ್ ಇವೆಯಲ್ಲ ಎಂಬ ಉತ್ತರ ಬರುತ್ತದೆ. ಇರಬಹುದು. ಆದರೆ ಟ್ರಾಫಿಕ್‌ನಲ್ಲಿ ಒಂದೂವರೆ ತಾಸು ಬಸ್ಸು ಓಡಿಸಿ ಬಂದವನು ನಿಂತಿರುವುದು ಡಿಪೋದಲ್ಲಲ್ಲ, ನಿಮ್ಮ ಗೇಟಿನ ಎದುರು.

ಎರಡನೆಯ ಕಾರಣ, ಕೆಲಸ ಹಲವರ ಕೈಯಲ್ಲಿ ಹಂಚಿಹೋಗಿರುವುದು. ರಸ್ತೆ ಬದಿಯ ಒಂದು ಚೌಕಿಗೆ ಶೌಚಾಲಯ ಕಟ್ಟಬೇಕು ಎಂದುಕೊಳ್ಳಿ. ಜಾಗ ರಸ್ತೆಯದ್ದಾದರೆ ವಾರ್ಡ್ ಕಚೇರಿ ಒಪ್ಪಬೇಕು. ವಾಹನ ಸಂಚಾರಕ್ಕೆ ಅಡ್ಡಿಯಿಲ್ಲವೆಂದು ಟ್ರಾಫಿಕ್ ಪೊಲೀಸರು ಹೇಳಬೇಕು. ನೀರಿಗೆ ಪಾಲಿಕೆಯ ಜಲ ವಿಭಾಗ, ಮಲಿನ ನೀರಿಗೆ ಒಳಚರಂಡಿ ವಿಭಾಗ, ದಿನದಿನದ ಶುಚಿತ್ವಕ್ಕೆ ಮತ್ತೊಬ್ಬರು. ಇಷ್ಟು ಮೇಜುಗಳನ್ನು ದಾಟುವಷ್ಟರಲ್ಲಿ ಫೈಲು ಸುಸ್ತಾಗುತ್ತದೆ. ಆದರೆ ನಿಲ್ದಾಣವನ್ನು ನಾನೂರು ಮೀಟರ್ ಆಚೆ ಸರಿಸುವುದಕ್ಕೆ ನೀರೂ ಬೇಡ, ಚರಂಡಿಯೂ ಬೇಡ. ಹೀಗಾಗಿ ಕಟ್ಟುವುದಕ್ಕಿಂತ ಸರಿಸುವುದೇ ಆಡಳಿತಕ್ಕೆ ಅಗ್ಗದ ದಾರಿ. ದೂರು ಮುಗಿಯಿತು ಎಂದು ಫೈಲಿನಲ್ಲಿ ಬರೆಯುತ್ತಾರೆ. ನಿಜವಾಗಿ ದೂರು ಮುಗಿದಿಲ್ಲ, ಇನ್ನೊಬ್ಬರ ಗೋಡೆಗೆ ಹೋಗಿದೆ.

ಕಾನೂನು ಏನನ್ನುತ್ತದೆ?

ಕಾನೂನಿಲ್ಲವೇ ಎಂದು ನೀವು ಕೇಳಬಹುದು. ಇದೆ. 1961ರ ಮೋಟಾರು ಸಾರಿಗೆ ನೌಕರರ ಕಾಯಿದೆ ಈ ದೇಶದ ಡ್ರೈವರ್ ಕಂಡಕ್ಟರುಗಳಿಗೆ ದಿನಕ್ಕೆ ಎಂಟು ತಾಸಿನ, ವಾರಕ್ಕೆ 48 ತಾಸಿನ ದುಡಿಮೆಯ ಮಿತಿ ಹಾಕಿತು. ಐದು ತಾಸಿಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕು ಎಂದಿತು. ನೌಕರರು ರಾತ್ರಿ ತಂಗಬೇಕಾದ ಸ್ಥಳದಲ್ಲಿ ವಿಶ್ರಾಂತಿ ಕೋಣೆ ಇರಬೇಕು ಎಂದೂ ಹೇಳಿತು. ಆದರೆ ಗಮನಿಸಿ, ವಿಶ್ರಾಂತಿ ಕೋಣೆಯ ಆ ಕಲಮು ಮಾತನಾಡುವುದು ರಾತ್ರಿಯ ತಂಗುವಿಕೆಯ ಬಗ್ಗೆ. ಹಗಲಿನ ಹತ್ತು ನಿಮಿಷದ ನಿಲುಗಡೆ ಅದರ ಕಣ್ಣಿಗೆ ಬಿದ್ದಿಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಕಾಯಿದೆ ಸೇರಿಹೋಯಿತು. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ನಿವಾಸಿಗಳ ಪರವಾಗಿಯೂ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ 45 ಡೆಸಿಬಲ್ ಮಿತಿ. ಬೆಳಗಿನ ಜಾವ ಐದು ಗಂಟೆಗೆ ನಿಂತಲ್ಲೇ ಗುಡುಗುವ ಇಂಜಿನ್ನಿನ ಮೇಲೆ ದೂರು ಕೊಡುವ ಹಕ್ಕು ನಿಮಗಿದೆ. ನಿಮ್ಮ ತಂದೆ ಜೀವಮಾನದ ದುಡಿಮೆ ಸುರಿದು, ಊರಿನ ಗದ್ದೆ ತೋಟ ಮಾರಿ ಕೊಂಡ ಫ್ಲ್ಯಾಟು ಅದು. ಅದರ ಗೋಡೆ ನಾರಬಾರದು ಎನ್ನುವುದು ದುರಾಸೆಯಲ್ಲ. ಇದನ್ನು ನಾನು ಮರೆತಿಲ್ಲ.

ಆದರೆ ಒಂದು ಮಾತು ಯೋಚಿಸಿ. ಗೋಡೆ ನಾರುವುದು ಏಕೆ? ಶೌಚಾಲಯವಿಲ್ಲದ್ದಕ್ಕೆ. ಡ್ರೈವರ್‌ನ ಕಷ್ಟವೇನು? ಶೌಚಾಲಯವಿಲ್ಲದ್ದು. ನಿವಾಸಿಯ ದೂರು ಮತ್ತು ನೌಕರನ ದೂರು ಎಂದು ಎರಡು ಫೈಲುಗಳಲ್ಲಿ ಓಡಾಡುವುದು ನಿಜವಾಗಿ ಒಂದೇ ದೂರು. ನಮ್ಮ ಸೊಸೈಟಿಯ ಅರ್ಜಿಯಲ್ಲಿ "ನಿಲ್ದಾಣ ತೆಗೆಯಿರಿ" ಎಂದಿತ್ತೇ ಹೊರತು "ಶೌಚಾಲಯ ಕೊಡಿ" ಎಂದು ಒಂದು ಸಾಲೂ ಇರಲಿಲ್ಲ. ನಾವು ಕೇಳಿದ್ದನ್ನೇ ಆಡಳಿತ ಕೊಟ್ಟಿತು.

ಕೇಳುವವರು ಯಾರು?

ನಮ್ಮವರೇ ಒಬ್ಬರು ಈ ಎರಡೂ ಫೈಲುಗಳನ್ನು ಒಂದೇ ಕೈಯಲ್ಲಿ ಹಿಡಿದಿದ್ದರು ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕಿಕೊಂಡು ಈ ನಗರಕ್ಕೆ ಬಂದವರು. ಚೌಪಾಟಿಯ ಬಯಲಿನಲ್ಲಿ ಮಲಗಿ ದಿನ ಕಳೆದವರು. ಪಿ. ಡಿ'ಮೆಲ್ಲೊ ಅವರ ಪ್ರಭಾವದಿಂದ ಕಾರ್ಮಿಕ ಚಳವಳಿಗೆ ಇಳಿದು ಹೋಟೆಲ್, ಟ್ಯಾಕ್ಸಿ, ಸಾರಿಗೆ, ಪಾಲಿಕೆಯ ನೌಕರರನ್ನು ಸಂಘಟಿಸಿದರು. 1961ರಿಂದ 1968ರ ವರೆಗೆ ಅವರು ಇದೇ ಮಹಾನಗರಪಾಲಿಕೆಯಲ್ಲಿ ನಗರಸೇವಕರೂ ಆಗಿದ್ದರು. ಅವರ ಮುಷ್ಕರಗಳ ಬಗ್ಗೆ ಅಂದೂ ಇಂದೂ ಭಿನ್ನಾಭಿಪ್ರಾಯವಿದೆ. ಆದರೆ ಬೀದಿಯಲ್ಲಿ ದುಡಿಯುವವನ ಮಾತನ್ನು ಪಾಲಿಕೆಯ ಸಭಾಗೃಹದೊಳಗೆ ಆಡಬಲ್ಲವರು ಒಬ್ಬರಿದ್ದರು ಎಂಬುದರಲ್ಲಿ ಎರಡು ಮಾತಿಲ್ಲ.

ಇಂದು ಆ ದಾರಿ ಸಣ್ಣದಾಗಿದೆ. 2019ರಿಂದೀಚೆಗೆ ಬೆಸ್ಟ್‌ನ ಬಸ್ಸುಗಳಲ್ಲಿ ಬಹಳಷ್ಟು ಗುತ್ತಿಗೆಯವು. ಬಸ್ಸು ಗುತ್ತಿಗೆದಾರನದು, ಡ್ರೈವರ್‌ಗೆ ಸಂಬಳ ಕೊಡುವವನೂ ಅವನೇ. ಬೆಸ್ಟ್ ಕೊಡುವುದು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಹೀಗಿರುವಾಗ ನಿಂತ ಹತ್ತು ನಿಮಿಷದ ಚಿಂತೆ ಯಾರದು? ಗುತ್ತಿಗೆದಾರ ಬೆಸ್ಟ್ ಕಡೆ ಕೈ ತೋರಿಸಿದರೆ ಬೆಸ್ಟ್ ಗುತ್ತಿಗೆದಾರನ ಕಡೆ ತೋರಿಸಬಹುದು. 2023ರ ಆಗಸ್ಟ್‌ನಲ್ಲಿ ಗುತ್ತಿಗೆ ಡ್ರೈವರುಗಳು ಸಂಬಳ ಸೌಲಭ್ಯಗಳಿಗಾಗಿ ಮುಷ್ಕರ ಹೂಡಿದಾಗ ನಿಮ್ಮಲ್ಲಿ ಅನೇಕರು ನಿಲ್ದಾಣದಲ್ಲಿ ಕಾದು ಬೇಸತ್ತಿರಬಹುದು. ಅದರ ಹಿಂದಿನ ಕಥೆ ಇದು. ಇನ್ನೊಂದು ಸಂಗತಿ. ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವೆ ಸುಮಾರು ನಾಲ್ಕು ವರ್ಷ ಪಾಲಿಕೆಯನ್ನು ನಡೆಸಿದ್ದು ಆಡಳಿತಾಧಿಕಾರಿ. ಆಗ ಚುನಾಯಿತ ವಾರ್ಡ್ ಸಮಿತಿಯೂ ಇರಲಿಲ್ಲ, ಬೆಸ್ಟ್ ಸಮಿತಿಯೂ ಇರಲಿಲ್ಲ.

ಕಾಲ ಬದಲಾಗಿಲ್ಲವೆಂದಲ್ಲ. ಹಳೆಯ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರ್ 15ರಂದು ಕೊನೆಯ ಓಟ ಓಡಿತು. ಅದರ ಜಾಗಕ್ಕೆ ವಿದ್ಯುತ್ ಬಸ್ಸುಗಳು ಬಂದಿವೆ. ಅವು ನಿಂತಾಗ ಗದ್ದಲವಿಲ್ಲ, ಹೊಗೆಯಿಲ್ಲ. ಡ್ರೈವರ್‌ನ ಕಾಲಿಗೆ ಇಂಜಿನ್ನಿನ ಬಿಸಿ ತಾಗುವುದಿಲ್ಲ. ನಿವಾಸಿಗಳ ಒಂದು ದೂರು, ಡ್ರೈವರುಗಳ ಒಂದು ಕಷ್ಟ ಎರಡೂ ಒಂದೇ ಯಂತ್ರದಿಂದ ಕಡಿಮೆಯಾದವು. 2022ರಲ್ಲಿ ಬೆಸ್ಟ್ ಬಸ್ಸಿನ ಚಕ್ರದ ಹಿಂದೆ ಮೊದಲ ಬಾರಿಗೆ ಒಬ್ಬ ಮಹಿಳೆ ಕುಳಿತರು. ಸಂತೋಷದ ಸುದ್ದಿಯೇ. ಆದರೆ ಚಕ್ರ ಕೊಟ್ಟ ಮೇಲೆ ಶೌಚಾಲಯವನ್ನೂ ಕೊಡಬೇಕಲ್ಲವೇ? ಇದೇ ಮುಂಬಯಿಯಲ್ಲಿ 2011ರಲ್ಲಿ ಮಹಿಳಾ ಸಂಘಟನೆಗಳು ಸೇರಿ ಹೆಂಗಸರಿಗೆ ಉಚಿತ, ಸುರಕ್ಷಿತ ಮೂತ್ರಾಲಯ ಬೇಕೆಂದು ಚಳವಳಿ ಆರಂಭಿಸಿದವು. ಹೇಳಲು ನಾಚುವ ವಿಷಯವನ್ನು ಅವರು ನಾಚದೆ ಪಾಲಿಕೆಯ ಮುಂದಿಟ್ಟರು.

ನೀವು ಮಾಡಬಹುದಾದದ್ದು

ದೊಡ್ಡ ಕ್ರಾಂತಿಯನ್ನೇನೂ ನಾನು ಕೇಳುತ್ತಿಲ್ಲ. ನಿಮ್ಮ ತಂದೆ ತಾಯಿಯರ ಕಾಲದಲ್ಲಿ ವಾರ್ಡ್ ಕಚೇರಿಯ ಮೆಟ್ಟಿಲು ಹತ್ತಲು ಅಂಜುತ್ತಿದ್ದವರು ನಮ್ಮಲ್ಲಿ ಬಹಳ. ಮರಾಠಿ ಅರೆಬರೆ, ಇಂಗ್ಲಿಷ್ ಇನ್ನೂ ಅರೆಬರೆ. ನಿಮಗೆ ಆ ಅಂಜಿಕೆಯಿಲ್ಲ. ಆದ್ದರಿಂದ ಮುಂದಿನ ಬಾರಿ ಸೊಸೈಟಿಯ ಅರ್ಜಿ ನಿಮ್ಮ ಕೈಗೆ ಬಂದಾಗ ಮೂರು ಕೆಲಸ ಮಾಡಿ.

ಒಂದು, ಅರ್ಜಿ ಬರೆಯುವ ಮೊದಲು ಚೌಕಿಗೆ ಹೋಗಿ ಸ್ಟಾರ್ಟರ್ ಜೊತೆ ಮಾತನಾಡಿ. ಹತ್ತಿರದ ಶೌಚಾಲಯ ಎಷ್ಟು ದೂರ, ಎಷ್ಟು ಗಂಟೆಗೆ ಬೀಗ ಬೀಳುತ್ತದೆ, ಕುಡಿಯುವ ನೀರು ಎಲ್ಲಿಂದ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಅರ್ಜಿಗೆ ಆ ಮಾಹಿತಿಯೇ ಬಲ.

ಎರಡು, "ತೆಗೆಯಿರಿ" ಎನ್ನುವ ಬದಲು "ಕಟ್ಟಿ" ಎಂದು ಬರೆಯಿರಿ. ನಿವಾಸಿಗಳೇ ಡ್ರೈವರುಗಳಿಗಾಗಿ ಶೌಚಾಲಯ ಕೇಳುವುದು ವಾರ್ಡ್ ಕಚೇರಿ ದಿನವೂ ಕಾಣುವ ಸಂಗತಿಯಲ್ಲ. ವಿಳಾಸವಿಲ್ಲದ ದೂರಿಗೆ ನಿಮ್ಮ ವಿಳಾಸ ಕೊಟ್ಟಂತಾಗುತ್ತದೆ. ಇಂಜಿನ್ ಗದ್ದಲದ ದೂರಿದ್ದರೆ ಅದನ್ನೂ ಬಿಡದೆ ಬರೆಯಿರಿ. ಆದರೆ ಅದು ಬೇರೆ ಸಾಲಾಗಿರಲಿ.

ಮೂರು, ಬೆನ್ನು ಹತ್ತಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಫೈಲು ಯಾವ ಮೇಜಿನ ಮೇಲೆ ಮಲಗಿದೆ ಎಂದು ಕೇಳಿದರೆ ಅನೇಕ ಸಲ ಫೈಲು ಎದ್ದು ಕೂರುತ್ತದೆ.

ಕೊನೆಯದಾಗಿ, ಪಾಲಿಕೆಗೆ ಕಾಯದೆ ನಾವೇ ಮಾಡಬಹುದಾದದ್ದೂ ಒಂದಿದೆ. ನಮ್ಮ ಸೊಸೈಟಿಯ ವಾಚ್‌ಮನ್ ಯಾರ ಅಪ್ಪಣೆಯನ್ನೂ ಕೇಳದೆ ಆ ಕಂಡಕ್ಟರ್ ಹೆಣ್ಣುಮಗಳಿಗೆ ಬಾಗಿಲು ತೆರೆದಿದ್ದ. ಅವನಿಗೆ ಹೊಳೆದದ್ದು ಸಹಿ ಹಾಕಿದ ನಮಗೆ ಯಾರಿಗೂ ಹೊಳೆಯಲಿಲ್ಲ. ನಮ್ಮ ಕನ್ನಡ ಸಂಘಗಳ ಕಟ್ಟಡಗಳು, ಸಭಾಗೃಹಗಳು ನಗರದ ಹಲವೆಡೆ ಇವೆ. ಅವುಗಳ ಹತ್ತಿರ ಬಸ್ ನಿಲ್ದಾಣವಿದ್ದರೆ ಹಗಲು ಹೊತ್ತು ಒಂದು ಶೌಚಾಲಯವನ್ನು ಡ್ರೈವರ್ ಕಂಡಕ್ಟರುಗಳಿಗೆ ತೆರೆದಿಡಲು ಏನು ಕಷ್ಟ? ಹೋಟೆಲು ಮುಚ್ಚಿದ ಮೇಲೆ, ರಾತ್ರಿ ಶಾಲೆ ಬಿಟ್ಟ ಮೇಲೆ, ನಮ್ಮ ಹಿರಿಯರನ್ನು ಖೋಲಿಗೆ ಮುಟ್ಟಿಸಿದ್ದು ಈ ಬಸ್ಸುಗಳ ಕೊನೆಯ ಫೇರಿಯೇ. ಆ ಋಣವಾದರೂ ನಮಗಿರಬೇಕು.

ನಮ್ಮ ಸೊಸೈಟಿಯ ಹೊಸ ಸಮಿತಿಯಲ್ಲಿ ಈಗ ಇಬ್ಬರು ನಿಮ್ಮ ವಯಸ್ಸಿನವರಿದ್ದಾರೆ. ಸೇತುವೆಯ ಬುಡದ ಚೌಕಿಗೆ ನೀರು, ಶೌಚಾಲಯ ಬೇಕೆಂದು ಅವರು ಅರ್ಜಿ ಬರೆದಿದ್ದಾರೆ. ಹಿಂದಿನ ಅರ್ಜಿ ಬರೆದ ಹುಡುಗನೇ ಇದನ್ನೂ ಬರೆದುಕೊಟ್ಟ. ನನ್ನ ಸಹಿಯೂ ಇದೆ. ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ಕೇಳುತ್ತಲೇ ಇರುತ್ತೇವೆ. ನಿಮ್ಮ ಗೇಟಿನ ಎದುರಿನ ಚೌಕಿಗೆ ನೀವು ಯಾವಾಗ ಹೋಗುತ್ತೀರಿ?